ಮೂರನೇ ಒಂದು ಕಂಬಳಿ

ಈಸ್ಟ್ ಕಿಲ್‌ಬ್ರೈಡ್ ಸರ್ಕಲ್ಲುಗಳ ಊರು.
ಬಸ್ಸು ಒಂದು ಸೊನ್ನೆ ಸುತ್ತಿ ಇನ್ನೊಂದಕ್ಕೆ ಬೀಳುತ್ತದೆ,
ಅದನ್ನೂ ಸುತ್ತಿ ಮತ್ತೊಂದಕ್ಕೆ.
ಕಚೇರಿ ಮುಟ್ಟುವಷ್ಟರಲ್ಲಿ ಏಳು ಸೊನ್ನೆ.
ಮುಂದೆ ಒಂದು ಅಂಕೆ ಸಿಕ್ಕರೆ ಕೋಟಿ.

ನನ್ನ ಕೆಲಸ ಆ ಅಂಕೆಯದು.
ಯುದ್ಧ ಎಲ್ಲಿ, ಯಾಕೆ, ಯಾರ ಮೇಲೆ ಯಾರು,
ಅದೆಲ್ಲ ಮೇಲಿನ ಮಹಡಿ.
ನನ್ನದು ಗಡಿ ದಾಟಿದ ಮೇಲಿನ ಸಂಗತಿ:
ತಲೆಗೆಷ್ಟು ನೀರು, ತಲೆಗೆಷ್ಟು ಜೋಳ,
ತಲೆಗೆಷ್ಟು ಕಂಬಳಿ.
ಕಾಲಿಗೆಷ್ಟು ಎಂದು ಯಾರೂ ಕೇಳುವುದಿಲ್ಲ.

ಜನವರಿಯಲ್ಲಿ ಒಬ್ಬರಿಗೆ ಒಂದು.
ಫೆಬ್ರವರಿ ಕೊನೆಗೆ ಲಂಡನ್ನಿನಿಂದ ಪರದೆಯ ಮೇಲೆ ಹ್ಯೂಗೊ,
ಹಿಂದೆ ಪುಸ್ತಕದ ಕಪಾಟು, ಕೈಯಲ್ಲಿ ಅರ್ಧ ತಿಂದ ಸೇಬು:
"ಇದೇ ಬಾಬ್ತಿನಿಂದ ಇಲ್ಲಿನ ಹೋಟೆಲುಗಳ ಬಿಲ್ಲೂ ಕಟ್ಟಬೇಕಲ್ಲ,
ಇಲ್ಲಿ ಬಂದಿಳಿದವರದ್ದು.
ಅಲ್ಲಿ ಸ್ವಲ್ಪ ಸರಿಹೊಂದಿಸೋಣ."
ಸರಿಹೊಂದಿಸಿದೆವು. ಇಬ್ಬರಿಗೆ ಒಂದು.
ಅಷ್ಟರಲ್ಲಿ ಅಲ್ಲಿ ಜನ ಹೆಚ್ಚಿದರು.
ಓಡಿ ಬರುವವರಿಗೆ ಹಣಕಾಸು ವರ್ಷ ಗೊತ್ತಿಲ್ಲ,
ಮಾರ್ಚ್ ಮುಗಿಯುವ ತನಕ ಕಾಯದೆ
ರಾತ್ರೋರಾತ್ರಿ ದಾಟಿಬಿಡುತ್ತಾರೆ.
ಐಲ್ಸಾ ಭಾಗಿಸಿದಳು. ಬಂತು:
ಸೊನ್ನೆ ದಶಾಂಶ ಮೂರು ಮೂರು ಮೂರು,
ಮುಗಿಯದ ಮೂರು, ಚೌಕದ ಗೆರೆ ದಾಟಿ ಹೊರಗೆ.
"ಎರಡಕ್ಕೆ ನಿಲ್ಲಿಸು" ಎಂದಳು.
ನಿಲ್ಲಿಸಿದೆ.
ಉಳಿದ ಮೂರುಗಳು ಎಲ್ಲಿ ಹೋದವೋ,
ಗಡಿಯಲ್ಲೇ ನಿಂತಿರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮಲ್ಲಿ.
ಐಲ್ಸಾಗೆ ಹೇಳಿದೆ. ಅವರಲ್ಲೂ ಒಂದಿದೆಯಂತೆ,
ಬಟ್ಟೆ ನೋಡಿ ಕೋಟು ಹೊಲಿಸು ಎಂದು.
ಚೆನ್ನಾಗಿದೆ ಎಂದು ಇಬ್ಬರೂ ಚಹಾ ಕುಡಿದೆವು.
ಹಾಸಿಗೆ ಯಾರು ಅಳೆದದ್ದು, ಕತ್ತರಿ ಯಾರ ಮೇಜಿನ ಮೇಲೆ,
ಗಾದೆಯಲ್ಲಿ ಇಲ್ಲ.
ಬುದ್ಧಿಮಾತು ಕಾಲಿಗೆ ಮಾತ್ರ.

ಏಪ್ರಿಲಿನಲ್ಲಿ ಶಿಬಿರದಿಂದ ಇಖ್ಲಾಸ್ ಬರೆದಳು.
ಅವಳ ಪತ್ರಗಳಲ್ಲಿ ದೂರು ಇರುವುದಿಲ್ಲ, ಅದೇ ತೊಂದರೆ.
"ಕಂಬಳಿ ತಲುಪಿದವು. ವಂದನೆ.
ಮೂವರಿಗೊಂದನ್ನು ಹಂಚುವುದು ಹೇಗೆಂದು ನೀವು ತಿಳಿಸಿರಲಿಲ್ಲ.
ಕೆಲವರು ಸರದಿ ಮಾಡಿಕೊಂಡರು,
ಇಬ್ಬರು ಮಲಗಿದರೆ ಒಬ್ಬರು ಬೆಂಕಿಯ ಬಳಿ.
ಕೆಲವರು ಹರಿದರು.
ನಾಲ್ಕನೇ ಸಾಲಿನ ಹೆಂಗಸರು ಒಂಬತ್ತನ್ನು ಜೋಡಿಸಿ,
ನಡುನಡುವೆ ತಮ್ಮ ಹಳೇ ಬಟ್ಟೆ ಇಟ್ಟು
ದೊಡ್ಡದೊಂದು ಹೊಲಿಯುತ್ತಿದ್ದಾರೆ. ಮಕ್ಕಳೆಲ್ಲ ಅದರಡಿ.
ನಮೂನೆಯಲ್ಲಿ ಎಷ್ಟೆಂದು ತುಂಬಲಿ? ಒಂದು ಎನ್ನಲೆ?
ಸೂಜಿ ಎರಡೇ ಇವೆ. ಕಳಿಸಲಾದೀತೆ?"

ಕೌದಿ, ಅಂದುಕೊಂಡೆ.
ಬಾಯಿಬಿಟ್ಟೇ ಅಂದಿರಬೇಕು,
ಐಲ್ಸಾ ತಿರುಗಿ "ಏನು?" ಎಂದಳು.

ಸೂಜಿಗೆ ಸಂಕೇತಸಂಖ್ಯೆ ಇಲ್ಲ. ಹುಡುಕಿದೆ.
ಲಸಿಕೆಯ ಸೂಜಿ ಇದೆ, ಶಸ್ತ್ರಚಿಕಿತ್ಸೆಯದಿದೆ,
ದಾರವೂ ಗಾಯದ್ದೇ.
ಬಟ್ಟೆ ಹೊಲಿಯುವುದು ತುರ್ತಲ್ಲ.
ಹೊಸ ಬಾಬ್ತಿಗೆ ಹ್ಯೂಗೊ ಸಹಿ, ಅವನ ಮೇಲಿನವರ ಸಹಿ,
ಈಸ್ಟರ್ ರಜೆ ಬೇರೆ.

ತೀರಾ ಕೆಳಗೆ 'ಇತರೆ' ಇತ್ತು.
ಪ್ರತಿ ವರ್ಷವೂ ಇರುತ್ತದೆ. ಲಕೋಟೆ, ಬ್ಯಾಟರಿ,
ಯಾರೋ ಒಡೆದ ಕಿಟಕಿ ಗಾಜು.
ನಲವತ್ತು ಪೌಂಡು ಹಾಕಿದೆ,
ಒಂದೇ ಸೊನ್ನೆ, ಮುಂದೆ ನಾಲ್ಕು.
ವಿವರದಲ್ಲಿ ಸೂಜಿ ಎಂದು ಬರೆದು, ಅಳಿಸಿ,
ದುರಸ್ತಿ ಎಂದು ಬರೆದೆ.

ಇಖ್ಲಾಸಳ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ.
ಸಂಜೆ ಬಸ್ಸು ಅವೇ ಸೊನ್ನೆಗಳನ್ನು ತಿರುಗಾ ಸುತ್ತಿತು.
ಪಕ್ಕದ ಸೀಟು, ಎದುರಿನ ಸೀಟು, ಎರಡೂ ಖಾಲಿ.
ಆದರೂ ಕಾಲು ಮಡಿಸಿಕೊಂಡು ಕೂತೆ.